ಗಿಡಗಂಟಿ ಸವರುವುದು: ಎಲ್ಲಿ ಕಡಿಯಬೇಕು, ಯಾವಾಗ ಕಡಿಯಬೇಕು

ಗುಬ್ಬಿ, ಶಿರಾ, ಪಾವಗಡ ಕಡೆ ಬೀಳು ಬಿದ್ದ ಹೊಲಕ್ಕೆ ಹೊಸದಾಗಿ ಕೈ ಹಾಕಿರುವವರಿಗೆ ಈ ಟಿಪ್ಪಣಿ. ಮಚ್ಚು ಹಿಡಿಯೋದು, ಕುಡುಗೋಲು ಮಸೆಯೋದು ನಿಮಗೆ ಗೊತ್ತೇ ಇರುತ್ತದೆ, ಅದನ್ನು ಬಿಡುತ್ತೇನೆ. ನನ್ನ ತಲೆಗೆ ಹತ್ತೋಕೆ ಹೊತ್ತು ಹಿಡಿದದ್ದು ಒಂದೇ ವಿಷಯ. ಒಂದೇ ದಿನ ಎಲ್ಲವನ್ನೂ ಸವರಿದರೂ ಗರಿಕೆ ಇನ್ನೂ ದಟ್ಟವಾಗುತ್ತದೆ. ಒಂದೇ ಕಾಂಡವಿದ್ದ ಬಳ್ಳಾರಿ ಜಾಲಿ ಐದಾರು ಕಾಂಡವಾಗಿ ಎದ್ದು ಬರುತ್ತದೆ. ಯಾಕೆ?

ಚಿಗುರು ಎಲ್ಲಿಂದ ಬರುತ್ತದೆ

ಒಂದು ಹುಲ್ಲಿನ ಎಸಳನ್ನು ಬುಡಸಮೇತ ಕಿತ್ತು ಉಗುರಿನಿಂದ ಉದ್ದಕ್ಕೆ ಸೀಳಿ ನೋಡಿ. ಒಳಗೆ ಬೆಳ್ಳಗೆ, ಮೆತ್ತಗೆ ಇರುವ ಸುಳಿ ನೆಲದ ಮಟ್ಟದಲ್ಲೇ ಇರುತ್ತದೆ. ಹೂವಿನ ಕಡ್ಡಿ ಏಳುವವರೆಗೆ ಅದು ಮೇಲೆ ಬರೋದೇ ಇಲ್ಲ. ನಾವು ಮೇಲೆ ಕತ್ತರಿಸುವುದು ಬರೀ ಎಲೆ. ಸುಳಿಗೆ ಏನೂ ಆಗಿರುವುದಿಲ್ಲ. ಅದಕ್ಕೇ ದನ ಮೇಯ್ದ ಹುಲ್ಲು ಮತ್ತೆ ಬೆಳೆಯೋದು. ಗರಿಕೆಗೆ ನೆಲದ ಮೇಲೆ ಹರಿಯುವ ಬಳ್ಳಿ ಬೇರೆ ಇದೆ, ಗೆಣ್ಣು ಗೆಣ್ಣಿಗೂ ಬೇರು ಬಿಡುತ್ತದೆ. ಎತ್ತರದ ಕಳೆ ಸವರಿದಾಗ ಅದಕ್ಕೆ ಬಿಸಿಲು ಸಿಕ್ಕಿ ಇನ್ನೂ ಹಬ್ಬುತ್ತದೆ.

ಕಾಂಗ್ರೆಸ್ ಗಿಡದ್ದು ಬೇರೆ ಕಥೆ. ಎಳೆಯದರಲ್ಲಿ ಅದರ ಎಲೆ ನೆಲಕ್ಕೆ ಅಂಟಿಕೊಂಡಿರುತ್ತದೆ, ಕತ್ತಿ ಮೇಲೆ ಹಾದು ಹೋಗುತ್ತದೆ. ಎದ್ದ ಮೇಲೆ ಕತ್ತರಿಸಿದರೆ ಬುಡದಿಂದ ಚಿಗುರಿ, ಗೇಣುದ್ದ ಇರುವಾಗಲೇ ಹೂ ಬಿಡುತ್ತದೆ. ಒಂದು ಗಿಡ 15,000ಕ್ಕೂ ಹೆಚ್ಚು ಬೀಜ ಉದುರಿಸಬಲ್ಲದು. ಹಾಗಾಗಿ ಇದನ್ನು ಸವರುವುದಕ್ಕಿಂತ ಮಳೆ ಬಿದ್ದು ನೆಲ ಹಸಿಯಾಗಿದ್ದಾಗ, ಹೂ ಬರುವ ಮೊದಲು ಬೇರುಸಮೇತ ಕೀಳುವುದೇ ವಾಸಿ. ಕೈಗವಸು ಹಾಕಲೇಬೇಕು, ಚರ್ಮಕ್ಕೆ ತುರಿಕೆ ಹತ್ತುತ್ತದೆ.

ಜಾಲಿಗೆ ಬನ್ನಿ. ಕಡಿದ ಬೊಡ್ಡೆಯ ಸುತ್ತ ಮಣ್ಣು ಕೆದಕಿ ನೋಡಿ. ಕಾಂಡವೂ ಬೇರೂ ಸೇರುವ ಜಾಗ ಗಂಟುಗಂಟಾಗಿರುತ್ತದೆ. ಮಲಗಿದ ಮೊಗ್ಗುಗಳೆಲ್ಲ ಇರೋದು ಅಲ್ಲೇ, ಮಣ್ಣಿನ ಕೆಳಗೆ. ಮೇಲೆ ಕಡಿದರೆ ಅವೆಲ್ಲ ಒಟ್ಟಿಗೆ ಏಳುತ್ತವೆ. ಪಿಕಾಸಿಯಿಂದ ಸುತ್ತ ಅಗೆದು, ಆ ಗಂಟಿನ ಕೆಳಗೆ, ಅರ್ಧ ಅಡಿಗಿಂತ ಆಳದಲ್ಲಿ ಬೇರನ್ನು ಕಡಿದರೆ ಮತ್ತೆ ಚಿಗುರುವುದು ಬಹಳ ಕಮ್ಮಿ. ಲಂಟಾನಕ್ಕೂ ಇದೇ ಲೆಕ್ಕ, ಅಷ್ಟು ಆಳ ಬೇಡ. ದೆಹಲಿ ವಿಶ್ವವಿದ್ಯಾಲಯದ ಪ್ರೊ. ಸಿ. ಆರ್. ಬಾಬು ಅವರ ತಂಡ ತೋರಿಸಿದ್ದು ಇದನ್ನೇ: ನೆಲದಡಿ ಚಿಗುರುವ ಜಾಗದ ಕೆಳಗೆ ಬೇರು ಕಡಿದು, ಪೊದೆಯನ್ನು ತಲೆಕೆಳಗಾಗಿ ನಿಲ್ಲಿಸಿ ಒಣಗಿಸಬೇಕು. ಬುಡ ಹಸಿ ಮಣ್ಣಿಗೆ ತಾಗಿದರೆ ಮತ್ತೆ ಬೇರು ಬಿಡುತ್ತದೆ.

ಎರಡನೇ ಸಲ ಯಾವಾಗ

ಇದನ್ನು ನಿಧಾನವಾಗಿ ಓದಿ. ಎಲ್ಲ ಬೊಡ್ಡೆಯನ್ನೂ ಅಗೆಯಲು ಆಗುವುದಿಲ್ಲ ಅಲ್ವಾ, ಕೆಲವನ್ನು ಪದೇಪದೇ ಕಡಿದೇ ಸುಸ್ತು ಮಾಡಬೇಕು. ಬೇರು ಒಂದು ಕಣಜ ಅಂದುಕೊಳ್ಳಿ. ಕಡಿದ ಗಿಡಕ್ಕೆ ಎಲೆ ಇಲ್ಲ, ಹಾಗಾಗಿ ಹೊಸ ಚಿಗುರು ಕಣಜದಿಂದ ತೆಗೆದು ತಿನ್ನುತ್ತದೆ. ಎಲೆ ಬಲಿತ ಮೇಲೆ ತಿರುಗಿ ತುಂಬಿಸುತ್ತದೆ. ಚಿಗುರು ಬೆರಳುದ್ದ ಬಂದ ಕೂಡಲೇ ಕಡಿದರೆ ಕಣಜ ಇನ್ನೂ ಅಷ್ಟಾಗಿ ಖಾಲಿಯಾಗಿರುವುದಿಲ್ಲ, ನಮ್ಮ ಕೂಲಿ ಸುಮ್ನೆ ಹೋಗುತ್ತದೆ. ಕಾಂಡ ಗಟ್ಟಿಯಾಗಿ ಎಲೆ ಕಡು ಹಸಿರಾಗುವವರೆಗೆ ಬಿಟ್ಟರೆ ಅದು ಮತ್ತೆ ತುಂಬಿರುತ್ತದೆ. ಎಲೆ ಪೂರ್ತಿ ಬಿಚ್ಚಿದೆ, ಬಣ್ಣ ಇನ್ನೂ ತಿಳಿ ಹಸಿರು, ಕಡ್ಡಿ ಬಗ್ಗಿಸಿದರೆ ಬಳುಕುತ್ತದೆ ಅನ್ನುವಾಗ ಕಡಿಯಿರಿ. ಕ್ಯಾಲೆಂಡರಿಗಿಂತ ಎಲೆಯ ಬಣ್ಣ ನೋಡುವುದು ಒಳ್ಳೆಯದು, ಯಾಕೆಂದರೆ ರೋಹಿಣಿ ಮಳೆ ಚೆನ್ನಾಗಿ ಬಿದ್ದ ವರ್ಷ ಚಿಗುರು ಬೇಗ ಬರುತ್ತದೆ, ಬಾರದ ವರ್ಷ ಎಷ್ಟೋ ತಡ. ಹುಲ್ಲಿಗೆ ಗುರುತು ಬೇರೆ: ತೆನೆ ಹೊರಗೆ ಇಣುಕುವಾಗ ಕೊಯ್ಯಬೇಕು. ಆಗ ಸುಳಿಯೂ ಮೇಲೆ ಬಂದಿರುತ್ತದೆ, ಬೀಜವೂ ಕಟ್ಟಿರುವುದಿಲ್ಲ.

ಯಂತ್ರ

ಬ್ರಷ್ ಕಟರ್‌ಗೆ ಹುಲ್ಲಿಗಾದರೆ ನೈಲಾನ್ ದಾರ, ಪೊದೆಗೆ ಲೋಹದ ಬ್ಲೇಡ್. ಮೇಲಿಂದ ನೋಡಿದರೆ ಬ್ಲೇಡ್ ಸಾಮಾನ್ಯವಾಗಿ ಗಡಿಯಾರದ ಮುಳ್ಳಿಗೆ ಎದುರು ದಿಕ್ಕಿನಲ್ಲಿ ತಿರುಗುತ್ತದೆ, ಆದ್ದರಿಂದ ಬಲದಿಂದ ಎಡಕ್ಕೆ ಬೀಸಿ, ಬ್ಲೇಡಿನ ಎಡಭಾಗದಿಂದಲೇ ಕತ್ತರಿಸಿ. ಬ್ಲೇಡನ್ನು ಗಡಿಯಾರದ ಮುಖ ಅಂದುಕೊಂಡರೆ (12 ಅಂದರೆ ನಿಮ್ಮಿಂದ ಆಚೆಯ ತುದಿ) 12ರಿಂದ 3ರ ನಡುವಿನ ಭಾಗ ಗಟ್ಟಿ ಬೊಡ್ಡೆಗೆ ತಾಗಬಾರದು, ಯಂತ್ರ ಜೋರಾಗಿ ಹಿಂದೆ ಎಗರುತ್ತದೆ. 15 ಮೀಟರ್ ಒಳಗೆ ಯಾರೂ ನಿಲ್ಲಬಾರದು, ಕಲ್ಲು ಹಾರುತ್ತದೆ. ಕಣ್ಣಿಗೆ ಕನ್ನಡಕ, ಕಾಲಿಗೆ ಗಮ್ ಬೂಟ್. ಶುರು ಮಾಡುವ ಮೊದಲು ಕೋಲಿನಿಂದ ಪೊದೆ ಬಡಿಯಿರಿ, ನಮ್ಮ ಕಡೆ ಕೊಳಕುಮಂಡಲ ಜಾಸ್ತಿ. ಒಮ್ಮೆ ಕೆಲಸ ಮುಗಿಸಲು ಯಂತ್ರ ಕೊಳ್ಳಬೇಕಿಲ್ಲ, ಹೋಬಳಿಯ ಕೃಷಿ ಯಂತ್ರಧಾರೆ ಕೇಂದ್ರದಲ್ಲಿ ಬಾಡಿಗೆಗೆ ಸಿಗುತ್ತದಾ ಅಂತ ಮೊದಲು ವಿಚಾರಿಸಿ.

ತೆಂಗಿನ ಸಸಿಯ ಹತ್ತಿರ ದಾರವನ್ನೂ ಬಳಸಬೇಡಿ. ಬೇವು, ಹೊಂಗೆಯ ಎಳೆ ಗಿಡಕ್ಕಂತೂ ಸುತ್ತಲೂ ಸಿಪ್ಪೆ ಹೋದರೆ ಉಳಿಯುವುದು ಕಷ್ಟ. ಪೊದೆಯೊಳಗೆ ತಾನಾಗೇ ಹುಟ್ಟಿದ ಇಂಥ ಸಸಿಗಳಿಗೆ ಮೊದಲೇ ಬಣ್ಣದ ಬಟ್ಟೆ ಕಟ್ಟಿಬಿಡಿ. ಬೀಜ ಕಟ್ಟದ ಹುಲ್ಲನ್ನು ಸುಡದೆ ತೆಂಗಿನ ಬುಡಕ್ಕೆ ಹೊದಿಸಿ, ತೇವ ಉಳಿಯುತ್ತದೆ.

ಶಿರಾ, ಪಾವಗಡ ಕಡೆಯವರು ಇನ್ನೊಂದು ಗಮನಿಸಿ. ಜಾಲಿ ಕಾಯಿ ತಿಂದ ಕುರಿ, ಮೇಕೆಯ ಹಿಕ್ಕೆಯಲ್ಲಿ ಬೀಜ ಹಾಗೇ ಬರುತ್ತದೆ. ಹೊಲದಲ್ಲಿ ಕುರಿ ಮಂದೆ ನಿಲ್ಲಿಸುವವರು ಬದುವಿನ ಜಾಲಿಯನ್ನು ಕಾಯಿ ಹಣ್ಣಾಗುವ ಮೊದಲೇ ಕಡಿಯಿರಿ. ಮಂದೆ ಹೋದ ಮೇಲೆ ಮೊದಲ ಮಳೆಗೆ ಹುಟ್ಟುವ ಜಾಲಿ ಸಸಿಗಳನ್ನು ಎರಡೆಲೆಯಲ್ಲೇ ಕೈಯಿಂದ ಕಿತ್ತುಬಿಡಬಹುದು.