ಒಂದೇ ಷಡ್ಜ, ಎರಡು ಗಂಟಲು

ನಮ್ಮ ಸೋದರಮಾವನ ಮನೆ ಹುಬ್ಬಳ್ಳಿಯಲ್ಲಿ. ಬೇಸಿಗೆ ರಜೆಗೆ ಅಲ್ಲಿಗೆ ಹೋದರೆ ಬೆಳಗಿನ ಚಹಾದ ಜೊತೆ ಒಂದು ಕ್ಯಾಸೆಟ್ ಕೇಳಲೇಬೇಕು. ಒಂದು ದಿನ ಹಾಡು ಮುಗಿಯುವ ತನಕ ಸುಮ್ನೆ ಕೂತಿದ್ದು, ‘ಯಾರು ಮಾವ ಈ ಗಾಯಕರು? ಒಳ್ಳೆ ಗಟ್ಟಿ ಗಂಟಲು’ ಅಂದೆ. ಮಾವ ಚಹಾದ ಕಪ್ಪು ಕೆಳಗಿಟ್ಟರು. ‘ಗಾಯಕರಲ್ಲೋ ತಮ್ಮಾ, ಗಾಯಕಿ. ಗಂಗೂಬಾಯಿ ಹಾನಗಲ್ಲರು!’ ಒಳಗಿನಿಂದ ಅತ್ತೆಯ ದನಿ ಬಂತು: ‘ಖರೇ ಹೇಳಲೇನು? ನನಗ ಆ ಆವಾಜ್ ಸೇರೂದಿಲ್ಲ. ಹೆಣ್ಣುಮಕ್ಕಳು ಹಾಡಿದರ ಸಣ್ಣ ದನಿ ಇರಬೇಕ್ರಿ.’ ಅಲ್ಲಿಂದ ಶುರುವಾದ ವಾದ ಊಟದ ಹೊತ್ತಿಗೂ ಮುಗಿದಿರಲಿಲ್ಲ.

ಹಾಡುಗಾರರ ವಿಷಯದಲ್ಲಿ ನಾವೆಲ್ಲ ಹೀಗೇ ಅಲ್ವಾ? ಒಬ್ಬರ ಬಗ್ಗೆ ‘ಮೂಗಿನಲ್ಲಿ ಹಾಡ್ತಾರೆ’ ಅನ್ನುತ್ತೇವೆ. ಇನ್ನೊಬ್ಬರದು ‘ಕಳ್ಳ ಧ್ವನಿ’, ಮತ್ತೊಬ್ಬರದು ‘ತೆರೆದ ಗಂಟಲು’. ಈ ಮಾತುಗಳು ಗಂಟಲಿನೊಳಗಿನ ಯಾವ ಸಂಗತಿಯನ್ನು ಹೇಳುತ್ತವೆ ಅಂತ ನೋಡಹೊರಟರೆ ಮಜಾ ಇದೆ.

ಮೊದಲು ಮಾವನ ಕ್ಯಾಸೆಟ್ಟಿಗೇ ಬರೋಣ. ನಮ್ಮ ಧ್ವನಿಪೆಟ್ಟಿಗೆಯಲ್ಲಿರುವುದನ್ನು ‘ಧ್ವನಿ ತಂತು’ ಅನ್ನುತ್ತೇವೆ. ಹೆಸರಿಗೆ ತಂತು, ಆದರೆ ಅವು ತಂತಿಗಳಲ್ಲ. ಒದ್ದೆಯಾದ, ಮೆತ್ತಗಿನ ಎರಡು ಮಡಿಕೆಗಳು. ಹೆಂಗಸರಲ್ಲಿ ಹೆಚ್ಚುಕಮ್ಮಿ ಒಂದು ಅವರೆಕಾಳಿನಷ್ಟು ಉದ್ದ, ಗಂಡಸರಲ್ಲಿ ಇನ್ನೊಂದಿಷ್ಟು ಜಾಸ್ತಿ. ಶ್ವಾಸಕೋಶದಿಂದ ಬರುವ ಗಾಳಿಗೆ ಇವು ಕೂಡುತ್ತವೆ, ಬಿಡುತ್ತವೆ. ಮಾತಾಡುವಾಗ ಗಂಡಸರಲ್ಲಿ ಸೆಕೆಂಡಿಗೆ ಸುಮಾರು 120 ಸಲ, ಹೆಂಗಸರಲ್ಲಿ ಸುಮಾರು 200 ಸಲ. ಮಡಿಕೆ ದಪ್ಪವಾದರೆ ಕಂಪನ ನಿಧಾನ, ಬಿಗಿದು ತೆಳುವಾದರೆ ಚುರುಕು. ನೆಗಡಿಯಾಗಿ ಗಂಟಲು ಊದಿಕೊಂಡ ದಿನ ನಮ್ಮ ದನಿ ಇಳಿಯುವುದು ಇದಕ್ಕೇ.

ಗಂಗೂಬಾಯಿಯವರ ಮೊದಲ ಕಾಲದ 78 ಆರ್‌ಪಿಎಂ ಗ್ರಾಮಫೋನ್ ತಟ್ಟೆಗಳಲ್ಲಿ ಅವರದು ಏರುದನಿ, ತೆಳು ಮತ್ತು ಚೂಪು. ಆಮೇಲೆ ಗಂಟಲಿನ ತೊಂದರೆಗೆ ಚಿಕಿತ್ಸೆಯಾಯಿತು, ದನಿ ಕೆಳಗಿಳಿಯಿತು. ಬೇರೆಯವರಾದರೆ ಅಲ್ಲಿಗೆ ಹಾಡಿಕೆ ಬಿಡುತ್ತಿದ್ದರೇನೋ. ಅವರು ಶ್ರುತಿ ಇಳಿಸಿಕೊಂಡರು, ಆ ದಪ್ಪ ದನಿಯಲ್ಲೇ ಹಿಂದೂಸ್ತಾನಿ ಸಂಗೀತದ ಕಿರಾನಾ ಘರಾಣೆಯ (ಗುರುಪರಂಪರೆಯ) ನಿಧಾನದ ಆಲಾಪವನ್ನು ಕಟ್ಟಿದರು. ಗಮನಿಸಬೇಕಾದ ಸಂಗತಿ ಒಂದಿದೆ. ಚಿಕಿತ್ಸೆಯಿಂದ ಬದಲಾಗುವುದು ಮಡಿಕೆಗಳು ಮಾತ್ರ. ಅದರ ಮೇಲೆ ತುಟಿಯವರೆಗೆ ಇರುವ ಕೊಳವೆಯ ಉದ್ದ ಹಾಗೇ ಇರುತ್ತದೆ. ಆ ಕೊಳವೆ ಗಂಡಸರಲ್ಲಿ ಸುಮಾರು 17 ಸೆಂಟಿಮೀಟರ್, ಹೆಂಗಸರಲ್ಲಿ ಎರಡು ಮೂರು ಸೆಂಟಿಮೀಟರ್ ಕಡಿಮೆ. ಗಂಡಸಿನ ಶ್ರುತಿ, ಹೆಣ್ಣಿನ ಕೊಳವೆ. ಅವರ ದನಿ ಯಾವ ಗಂಡಸಿನ ದನಿಯಂತೆಯೂ ಇಲ್ಲದಿರುವುದಕ್ಕೆ ಇದೂ ಒಂದು ಕಾರಣ ಅಂತ ನನಗನ್ನಿಸುತ್ತದೆ. ನಾನು ಅವತ್ತು ಮೋಸಹೋದದ್ದು ಶ್ರುತಿಗೆ. ಬಣ್ಣವನ್ನು ಕೇಳಿಸಿಕೊಂಡಿರಲಿಲ್ಲ.

ಈ ಬಣ್ಣ ಅಂದರೇನು? ಮಡಿಕೆಗಳ ಸದ್ದನ್ನಷ್ಟೇ ಬೇರ್ಪಡಿಸಿ ಕೇಳಿದರೆ ಜಾತ್ರೆಯ ಪೀಪಿ ಊದಿದ ಹಾಗಿರುತ್ತದೆ. 140 ಹರ್ಟ್ಸ್‌ನ (ಅಂದರೆ ಸೆಕೆಂಡಿಗೆ 140 ಕಂಪನದ) ಷಡ್ಜ, ‘ಸ’, ಹಿಡಿದರೆ ಅದರ ಜೊತೆಗೇ 280, 420, 560 ಹೀಗೆ ಮೇಲಿನ ಸ್ವರಗಳೂ ಹೊರಡುತ್ತವೆ. ಇವುಗಳಲ್ಲಿ ಯಾವುದನ್ನು ಎತ್ತಬೇಕು, ಯಾವುದನ್ನು ಅಡಗಿಸಬೇಕು ಅನ್ನುವುದು ಮೇಲಿನ ಕೊಳವೆಯ ಕೆಲಸ. ಒಂದೇ ಸ್ವರದಲ್ಲಿ ನಿಂತು ‘ಆ’, ‘ಈ’, ‘ಊ’ ಅಂತ ಹಾಡಿ ನೋಡಿ. ಮಡಿಕೆಗಳು ಮಾಡುವ ಕೆಲಸ ಹೆಚ್ಚುಕಮ್ಮಿ ಅದೇ. ಬದಲಾಗುತ್ತಿರುವುದು ನಾಲಿಗೆ, ತುಟಿ, ದವಡೆ. ಭೀಮಸೇನ ಜೋಶಿಯವರು ತಾನ (ಸ್ವರಗಳ ವೇಗದ ಓಟ) ತೆಗೆದುಕೊಳ್ಳುವಾಗ ಬಾಯಿ ಅಷ್ಟು ಅಗಲ ತೆರೆಯುತ್ತಿದ್ದದ್ದನ್ನು ನೋಡಿ ನಕ್ಕವರಿದ್ದಾರೆ. ದವಡೆ ಇಳಿದಷ್ಟೂ ಕೊಳವೆಯ ಮೊದಲ ಅನುರಣನ (ಕೊಳವೆ ತಾನಾಗಿ ಎತ್ತಿ ಹಿಡಿಯುವ ಸದ್ದು) ಮೇಲೇರುತ್ತದೆ, ‘ಆ’ಕಾರಕ್ಕೆ ತುಂಬು ಬರುತ್ತದೆ. ಅವರ ಕೈಗಳು ಗಾಳಿಯಲ್ಲಿ ಏನು ಹುಡುಕುತ್ತಿದ್ದವು ಅನ್ನುವುದಕ್ಕೆ ಮಾತ್ರ ಭೌತವಿಜ್ಞಾನದ ಹತ್ತಿರ ಉತ್ತರವಿಲ್ಲ!

ಇನ್ನು ‘ಮೂಗಿನಲ್ಲಿ ಹಾಡ್ತಾರೆ’ ಅನ್ನುವ ದೂರು. ಇದನ್ನು ಮನೆಯಲ್ಲೇ ಪರೀಕ್ಷೆ ಮಾಡಬಹುದು. ಉದ್ದಕ್ಕೆ ‘ಆ’ ಅಂತ ಹಾಡುತ್ತಾ ಎರಡು ಬೆರಳಿಂದ ಮೂಗು ಹಿಡಿಯಿರಿ, ಬಿಡಿ, ಮತ್ತೆ ಹಿಡಿಯಿರಿ. ಸದ್ದು ಬದಲಾಗದಿದ್ದರೆ ಮೂಗಿನಿಂದ ಗಾಳಿ ಹೋಗುತ್ತಿಲ್ಲ ಅಂತ ಅರ್ಥ. ಕಿರುನಾಲಿಗೆಯ ಕಡೆಯ ಬಾಗಿಲು ಮುಚ್ಚಿದೆ. ಈಗ ‘ಮ್’ ಅಂತ ಹಿಡಿದು ನೋಡಿ, ಸದ್ದು ಪೂರ್ತಿ ಕಟ್ಟಾಗುತ್ತದೆ. ನಾವು ‘ಮೂಗಿನ ದನಿ’ ಅನ್ನುವ ಎಷ್ಟೋ ದನಿಗಳು ಈ ಪರೀಕ್ಷೆಯಲ್ಲಿ ಪಾಸಾಗುತ್ತವೆ. ಅಲ್ಲಿ ನಿಜವಾಗಿ ನಡೆಯುವುದೇ ಬೇರೆ. ಮಡಿಕೆಗಳಿಗೆ ಸ್ವಲ್ಪ ಮೇಲೆ, ಕೊಳವೆಯ ಬುಡದಲ್ಲಿ, ಜಾಗ ಕಿರಿದಾಗುತ್ತದೆ. ಆಗ 3000 ಹರ್ಟ್ಸ್ ಆಸುಪಾಸಿನ ಸದ್ದು ಜೋರಾಗಿ, ದನಿಗೆ ಒಂದು ಅಲಗು ಬರುತ್ತದೆ.

ಸ್ವೀಡನ್ನಿನ ಧ್ವನಿವಿಜ್ಞಾನಿ ಯೊಹಾನ್ ಸುಂಡ್‌ಬೆರಿ 1970ರ ದಶಕದಲ್ಲಿ ಒಪೆರಾ ಗಾಯಕರಲ್ಲಿ ಇದನ್ನೇ ಅಳೆದು ತೋರಿಸಿದರು. ದೊಡ್ಡ ಆರ್ಕೆಸ್ಟ್ರಾದ ಸದ್ದು 500 ಹರ್ಟ್ಸ್ ಹತ್ತಿರ ಹೆಚ್ಚು, ಮೇಲೆ ಹೋದಂತೆ ಇಳಿಯುತ್ತದೆ. ಗಾಯಕ 3000 ಹರ್ಟ್ಸ್ ಸುತ್ತ ಶಕ್ತಿ ಕೂಡಿಸಿಕೊಂಡರೆ, ಮೈಕ್ ಇಲ್ಲದೆಯೂ ನೂರು ವಾದ್ಯಗಳ ಮೇಲೆ ಅವನೊಬ್ಬನ ದನಿ ಕೇಳುತ್ತದೆ. ನಮ್ಮ ಕಿವಿಯ ನಾಳವೂ ಅದೇ ಆಸುಪಾಸಿನಲ್ಲಿ ಅನುರಣಿಸುತ್ತದೆ, ಹಾಗಾಗಿ ಆ ಸದ್ದು ಕಿವಿಗೆ ಬಲು ಬೇಗ ನಾಟುತ್ತದೆ. ನಮ್ಮಲ್ಲಿ ಆರ್ಕೆಸ್ಟ್ರಾ ಇರಲಿಲ್ಲ, ಆದರೆ ಕಂಪನಿ ನಾಟಕಗಳಿದ್ದವು. ಮೈಕ್ ಇಲ್ಲದ ಕಾಲದಲ್ಲಿ ತಗಡಿನ ಥಿಯೇಟರಿನ ಕೊನೆಯ ಸಾಲಿನವನಿಗೂ ಹಾಡು ಮುಟ್ಟಬೇಕಿತ್ತು. ಏರುಶ್ರುತಿಯ, ಚೂಪಾದ ದನಿಗೆ ಅಲ್ಲಿ ಬೆಲೆ. ಮೈಕ್ ಬಂದ ಮೇಲೆ ಆ ಅಗತ್ಯವೇ ಹೋಯಿತು. ಪಿ.ಬಿ. ಶ್ರೀನಿವಾಸ್ ಅವರ ಮೆತ್ತಗಿನ ದನಿ ಮೈಕಿನ ಹತ್ತಿರ ನಿಂತು ಕಿವಿಯಲ್ಲಿ ಹೇಳಿದಂತೆ ಹಾಡಿತು. ಅದನ್ನು ನಾಟಕದ ಥಿಯೇಟರಿನಲ್ಲಿ ಮೈಕ್ ಇಲ್ಲದೆ ನಿಲ್ಲಿಸಿದ್ದರೆ ಮೂರನೇ ಸಾಲು ದಾಟುತ್ತಿರಲಿಲ್ಲ. ಇವರಲ್ಲಿ ಯಾರ ವಿಧಾನ ಸರಿ ಅಂತ ಕೇಳುವ ಮೊದಲು, ಕೇಳುಗ ಎಷ್ಟು ದೂರ ಕೂತಿದ್ದ ಅಂತ ಕೇಳಬೇಕು.

ವಿಧಾನದ ಮಾತು ಬಂದಾಗ ಗುರುಗಳ ಮಾತನ್ನೂ ನೆನೆಯಬೇಕು. ‘ನಾಭಿಯಿಂದ ಹಾಡು’ ಅನ್ನುತ್ತಾರೆ. ನಾಭಿಯಲ್ಲಿ ಸದ್ದು ಹುಟ್ಟುವುದಿಲ್ಲ. ಆದರೆ ಹಾಗೆ ಅಂದುಕೊಂಡವನು ಹೊಟ್ಟೆಯ ಸ್ನಾಯುಗಳಿಂದ ಗಾಳಿಯನ್ನು ಹದವಾಗಿ ಬಿಡುತ್ತಾನೆ, ಹೆಗಲು ಎತ್ತಿ ಗಂಟಲು ಬಿಗಿಯುವುದಿಲ್ಲ. ಪಾಠಕ್ಕೆ ಬೇಕಾದದ್ದು ಅಷ್ಟೇ. ಹಾಡುವವನಿಗೆ ತನ್ನ ಮಡಿಕೆ ಕಾಣುವುದಿಲ್ಲ. ತನ್ನ ದನಿಯೂ ಸರಿಯಾಗಿ ಕೇಳುವುದಿಲ್ಲ, ಅರ್ಧ ತಲೆಬುರುಡೆಯ ಮೂಲಕ ಕೇಳಿಸಿಕೊಳ್ಳುತ್ತಾನೆ. (ನಿಮ್ಮದೇ ವಾಯ್ಸ್ ಮೆಸೇಜ್ ಕೇಳಿ ನಾಚಿಕೆಪಟ್ಟಿಲ್ವಾ?) 1854ರಲ್ಲಿ ಮ್ಯಾನುಯೆಲ್ ಗಾರ್ಸಿಯಾ ಎಂಬ ಹಾಡಿನ ಮೇಷ್ಟರು ಎರಡು ಕನ್ನಡಿ, ಸ್ವಲ್ಪ ಬಿಸಿಲು ಬಳಸಿ ತನ್ನ ಧ್ವನಿಪೆಟ್ಟಿಗೆಯನ್ನು ತಾನೇ ನೋಡಿದ. ಗಂಟಲು ಡಾಕ್ಟರುಗಳು ಇವತ್ತಿಗೂ ಆ ಉಪಾಯದ ಋಣದಲ್ಲಿದ್ದಾರೆ.

ಹಿಂದೂಸ್ತಾನಿ ಗಾಯಕ ಕುಮಾರ ಗಂಧರ್ವರ ಕಥೆಯಲ್ಲಿ ಗಂಟಲಲ್ಲ, ಉಸಿರು. ಬೆಳಗಾವಿ ಹತ್ತಿರದ ಸುಳೇಭಾವಿಯಲ್ಲಿ 1924ರಲ್ಲಿ ಹುಟ್ಟಿದ ಇವರ ಮೂಲ ಹೆಸರು ಶಿವಪುತ್ರ ಸಿದ್ಧರಾಮಯ್ಯ ಕೊಂಕಾಳಿಮಠ. ಬಾಲಪ್ರತಿಭೆಯಾಗಿ ಹೆಸರು ಮಾಡಿ, ಇಪ್ಪತ್ತರ ಹರೆಯದಲ್ಲಿ ಕ್ಷಯಕ್ಕೆ ಸಿಕ್ಕಿದರು. ಒಣಹವೆಗೆಂದು ಮಧ್ಯಪ್ರದೇಶದ ದೇವಾಸಕ್ಕೆ ಹೋದರು. ವರ್ಷಗಟ್ಟಲೆ ಹಾಡುವಂತಿರಲಿಲ್ಲ. ಹಾಸಿಗೆಯಲ್ಲಿ ಮಲಗಿ ಮಾಳವದ ಹೆಂಗಸರ ಜನಪದ ಹಾಡು ಕೇಳುತ್ತಿದ್ದರು. 1950ರ ದಶಕದಲ್ಲಿ ಮರಳಿ ವೇದಿಕೆ ಹತ್ತಿದಾಗ ಒಂದು ಶ್ವಾಸಕೋಶ ಕೆಲಸಕ್ಕೆ ಬಾರದಂತಾಗಿತ್ತು. ಹಾಡಿಕೆಯೂ ಬೇರೆಯಾಗಿತ್ತು. ಚಿಕ್ಕ ಚಿಕ್ಕ ತುಣುಕು, ಸ್ವರವನ್ನು ಥಟ್ಟನೆ ಎಸೆದು ಬಿಟ್ಟುಬಿಡುವುದು, ನಡುವೆ ಮೌನ. ‘ಇದು ಖಯಾಲೇ ಅಲ್ಲ’ ಅಂದ ಹಿರಿಯರಿದ್ದರು (ಖಯಾಲ್ ಅಂದರೆ ಹಿಂದೂಸ್ತಾನಿಯ ಮುಖ್ಯ ಹಾಡಿಕೆಯ ಬಗೆ). ಗಾಳಿ ಕಡಿಮೆಯಿದ್ದದ್ದಕ್ಕೇ ಹಾಗೆ ಹಾಡಿದರು ಅನ್ನುವುದು ಇನ್ನೊಂದು ವಾದ. ನನಗೆ ಅದು ಅರ್ಧ ಸತ್ಯ. ಉಸಿರು ಕಡಿಮೆಯಾದರೆ ವಾಕ್ಯ ಗಿಡ್ಡವಾಗುತ್ತದೆ, ನಿಜ. ಆದರೆ ಎಲ್ಲಿ ತುಂಡರಿಸಬೇಕು, ತುಂಡರಿಸಿದ ಮೇಲೆ ಎಷ್ಟು ಹೊತ್ತು ತಂಬೂರಿಯನ್ನಷ್ಟೇ ಕೇಳಲು ಬಿಡಬೇಕು ಅನ್ನುವುದನ್ನು ಶ್ವಾಸಕೋಶ ತೀರ್ಮಾನಿಸುವುದಿಲ್ಲ.

ಹುಬ್ಬಳ್ಳಿಯ ಆ ವಾದದಲ್ಲಿ ಮಾವ ಕೊನೆಗೆ ಒಂದು ಉಪಾಯ ಮಾಡಿದ್ದರು. ಬೇರೆ ಕ್ಯಾಸೆಟ್ ಹಾಕಿದರು. ಗಂಗೂಬಾಯಿಯವರ ಹಿಂದೆ ಅವರ ಮಗಳು ಕೃಷ್ಣಾ ಸಾಥ್ ಕೊಟ್ಟ ಕಚೇರಿ. ತಾಯಿಯ ದಪ್ಪ ದನಿ, ಮಗಳ ತೆಳು ದನಿ. ಒಂದೇ ತಂಬೂರಿ. ತಾಯಿ ತಾರ ಷಡ್ಜಕ್ಕೆ (ಮೇಲಿನ ‘ಸ’ಕ್ಕೆ) ಹೋಗಿ ನಿಂತರು, ಮಗಳೂ ಅಲ್ಲೇ ಬಂದು ಸೇರಿದರು. ಆ ಕ್ಷಣ ಎರಡು ಗಂಟಲಿನ ಮಡಿಕೆಗಳೂ ಸೆಕೆಂಡಿಗೆ ಒಂದೇ ಲೆಕ್ಕದಲ್ಲಿ ಬಡಿದುಕೊಳ್ಳುತ್ತಿದ್ದವು. ಒಂದೆರಡು ಹರ್ಟ್ಸ್ ಆಚೀಚೆ ಆಗಿದ್ದರೂ ‘ವೊಂ ವೊಂ’ ಅಂತ ಅಲೆ ಕೇಳಬೇಕಿತ್ತು, ಕೇಳಲಿಲ್ಲ. ಆದರೂ ಇದು ತಾಯಿಯದು, ಇದು ಮಗಳದು ಅಂತ ಬೆರಳು ಮಾಡಿ ತೋರಿಸುವಷ್ಟು ಬೇರೆ ಬೇರೆಯಾಗಿದ್ದವು.

ಅತ್ತೆ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಬಾಗಿಲಿಗೆ ಬಂದು ನಿಂತರು. ‘ಮಗಳದು ಛಲೋ ಐತಿ’ ಅಂದರು.