ಕೆಡವಿದ ಬಂಗಲೆಯ ಪಾಯಕ್ಕೆ ಕಾವಲು

ಇಂಗ್ಲೆಂಡಿನ ಎಂ1 ಹೆದ್ದಾರಿಯಲ್ಲಿ, ನಾಟಿಂಗ್‌ಹ್ಯಾಮ್ ಸಮೀಪದ 26ನೇ ಜಂಕ್ಷನ್ ಬಳಿ, ದಿನವೂ ಸಾವಿರಾರು ಗಾಡಿಗಳು ಒಂದು ಬಂಗಲೆಯ ಜಾಗದ ಮೇಲೆ ಓಡುತ್ತವೆ. ಅದರ ಹೆಸರು ನಥಾಲ್ ಟೆಂಪಲ್. 1750ರ ದಶಕದಲ್ಲಿ ಇಟಲಿಯ ವಿಲ್ಲಾ ರೊಟೊಂಡಾದ ಮಾದರಿಯಲ್ಲಿ ಗುಮ್ಮಟವಿಟ್ಟು ಕಟ್ಟಿದ ಮನೆ. 1929ರಲ್ಲಿ ಅದನ್ನು ಉರುಳಿಸಿದರು. 1960ರ ದಶಕದಲ್ಲಿ ಅದೇ ಜಾಗದಲ್ಲಿ ಹೆದ್ದಾರಿ ಹಾಯಿತು. ಅಗೆಯುವ ಮುಂಚೆ ಮಣ್ಣಿನೊಳಗೆ ಏನಿದೆ ಎಂದು ನೋಡಿಸಿ, ಅದರ ಖರ್ಚನ್ನೂ ನೀವೇ ಕೊಡಿ ಎಂದು ಕಟ್ಟುವವರನ್ನು ಕೇಳುವ ಪದ್ಧತಿ ಆಗ ಇರಲಿಲ್ಲ.

ಹಳ್ಳಿಗಾಡಿನಲ್ಲಿದ್ದ ಸಿರಿವಂತರ ಇಂಥ ದೊಡ್ಡ ಮನೆಗಳು ಬಿದ್ದದ್ದಕ್ಕೆ ಕಾರಣ ಒಂದಲ್ಲ. ಒಡೆಯ ಸತ್ತಾಗ ಅವನ ಆಸ್ತಿಯ ಮೇಲೆ ಕಟ್ಟಬೇಕಾದ, 1894ರಲ್ಲಿ ಬಂದ ಮರಣ ತೆರಿಗೆ ಏರುತ್ತಲೇ ಹೋಯಿತು. ಆಳುಕಾಳು ಸಿಗದಾಯಿತು. ಎರಡನೇ ಮಹಾಯುದ್ಧದಲ್ಲಿ ಸೇನೆ ವಶಪಡಿಸಿಕೊಂಡಿದ್ದ ಎಷ್ಟೋ ಮನೆಗಳು ಜಖಂಗೊಂಡು ವಾಪಸಾದವು. 1955ರ ಹೊತ್ತಿಗೆ ಐದು ದಿನಕ್ಕೊಂದು ಬಂಗಲೆ ನೆಲಕ್ಕುರುಳುತ್ತಿತ್ತು ಎಂಬುದು ಅಲ್ಲಿ ಮತ್ತೆ ಮತ್ತೆ ಹೇಳುವ ಲೆಕ್ಕ. 1974ರಲ್ಲಿ ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂ ಇದನ್ನೇ ವಿಷಯವಾಗಿಸಿ ಪ್ರದರ್ಶನ ಏರ್ಪಡಿಸಿದಾಗ ಜನ ಬೆಚ್ಚಿದರು. ಆದರೆ ಆಗ ಎಲ್ಲರೂ ಮರುಗಿದ್ದು ನಿಂತಿದ್ದ ಮನೆಗಳಿಗಾಗಿ. ಬಿದ್ದವು ಮುಗಿದ ಕಥೆ ಎಂದೇ ಎಣಿಕೆ.

ಮುಗಿದಿರಲಿಲ್ಲ. ಕೆಡವುವ ಗುತ್ತಿಗೆದಾರರು ಛಾವಣಿಯ ಸೀಸ, ಓಕ್ ತೊಲೆ, ಅಮೃತಶಿಲೆಯ ಅಗ್ಗಿಷ್ಟಿಕೆ ಎಲ್ಲವನ್ನೂ ಮಾರಿಕೊಂಡರು. ಲಾಭವೆಲ್ಲ ನೆಲದ ಮೇಲೆಯೇ ಇತ್ತು. ನೆಲಮಾಳಿಗೆ ಅಗೆದು ತೆಗೆಯುವುದು ಬರೀ ಖರ್ಚು. ಒಡೆದ ಇಟ್ಟಿಗೆ, ಗಾರೆಯನ್ನು ಅದರೊಳಕ್ಕೆ ತಳ್ಳಿ ಮಟ್ಟ ಮಾಡಿ ಹೋದರು, ಮೇಲೆ ಹುಲ್ಲು ಬೆಳೆಯಿತು. ಎಷ್ಟೋ ಕಡೆ ಪಾಯ, ಚರಂಡಿ, ಹಳೆಯ ತೋಟದ ದಾರಿಗಳು ಹಾಗೇ ಉಳಿದುಕೊಂಡದ್ದು ಹೀಗೆ. ಇವುಗಳ ಪಾಲಿಗೆ ನಿಜವಾದ ಕೊನೆ ಎಂದರೆ ಆ ಜಾಗದಲ್ಲಿ ಎದ್ದೇಳುವ ಮುಂದಿನ ಕಟ್ಟಡ.

ನಿಯಮ ಬದಲಾಗಲು ಕಾರಣವಾದದ್ದು ಬಂಗಲೆಯಲ್ಲ, ನಾಟಕಶಾಲೆ. 1989ರಲ್ಲಿ ಲಂಡನ್ನಿನ ಸದರ್ಕ್‌ನಲ್ಲಿ ಕಚೇರಿ ಕಟ್ಟಡಕ್ಕೆ ಜಾಗ ಅಗೆಯುವಾಗ 1587ರ ರೋಸ್ ರಂಗಮಂದಿರದ ತಳ ಸಿಕ್ಕಿತು. ಅದನ್ನು ಉಳಿಸಿ ಎಂದು ನಟರು ಬೀದಿಗಿಳಿದರು, ಕಟ್ಟಡದ ನಕ್ಷೆಯನ್ನೇ ಬದಲಿಸಬೇಕಾಯಿತು. ಮರುವರ್ಷ ನವೆಂಬರ್‌ನಲ್ಲಿ ಸರ್ಕಾರ ಪಿಪಿಜಿ 16 ಎಂಬ ಮಾರ್ಗಸೂಚಿ ಹೊರಡಿಸಿತು. ಅಂದಿನಿಂದ ಕಟ್ಟುವ ಅನುಮತಿ ಕೊಡುವಾಗಲೇ ಪುರಾತತ್ವದ ಷರತ್ತು ಹಾಕುವುದು, ಅದರ ವೆಚ್ಚ ಕಟ್ಟುವವರ ತಲೆಗೇ ಬರುವುದು ರೂಢಿಯಾಯಿತು.

ಆ ಷರತ್ತುಗಳಲ್ಲಿ ತೀರಾ ಹಗುರವಾದದ್ದು ಕಾಮಗಾರಿಯ ಮೇಲಿನ ನಿಗಾ. ಹಲ್ಲಿಲ್ಲದ ಬಕೆಟ್ ಹಾಕಿದ ಯಂತ್ರ ಮಣ್ಣನ್ನು ಪದರ ಪದರವಾಗಿ ಕೆರೆಯುತ್ತದೆ (ಹಲ್ಲಿದ್ದರೆ ಮಣ್ಣಿನ ಬಣ್ಣದ ಗೆರೆಗಳು ಕಲಸಿಹೋಗುತ್ತವೆ). ಪಕ್ಕದಲ್ಲಿ ಪುರಾತತ್ವಜ್ಞರೊಬ್ಬರು ನಿಂತಿರುತ್ತಾರೆ. ಅವರು ಕೈ ಎತ್ತಿದರೆ ಯಂತ್ರ ನಿಲ್ಲಬೇಕು. ಅವರ ಕಣ್ಣು ಹುಡುಕುವುದು ಕಲ್ಲನ್ನಷ್ಟೇ ಅಲ್ಲ. ಹಿಂದೆ ಯಾರೋ ಪಾಯದ ಕಲ್ಲನ್ನೂ ಕಿತ್ತು ಸಾಗಿಸಿದ್ದರೆ, ಆ ಗುಂಡಿಯಲ್ಲಿ ಗಾರೆಯ ಪುಡಿ ಬೆರೆತ ಸಡಿಲ ಮಣ್ಣು ತುಂಬಿಕೊಂಡಿರುತ್ತದೆ. ಸುತ್ತಲಿನ ಗಟ್ಟಿ ಮಣ್ಣಿನ ನಡುವೆ ಆ ಬಿಳಿಚು ಪಟ್ಟೆ ನೇರವಾಗಿ ಹೋಗುತ್ತದೆ, ಮೂಲೆಯಲ್ಲಿ ತಿರುಗುತ್ತದೆ. ಒಂದು ಕಲ್ಲೂ ಉಳಿಯದ ಗೋಡೆಯನ್ನು ಹೀಗೆ ಅಳೆದು ನಕ್ಷೆಗೆ ಇಳಿಸಬಹುದು. ಈ ಕಸುಬಿನಲ್ಲಿ ನನಗೆ ಎಲ್ಲಕ್ಕಿಂತ ಸೋಜಿಗವೆನಿಸುವುದು ಇದೇ.

ಆದರೂ ನಿಗಾ ಒಂದನ್ನೇ ನೆಚ್ಚಿಕೊಳ್ಳುವುದು ಸಾಲದು. ಬರ್ಮಿಂಗ್‌ಹ್ಯಾಮ್ ಅಂಚಿನ ಕೋಲ್ಸ್‌ಹಿಲ್‌ನಲ್ಲಿ ಎಚ್‌ಎಸ್2 ಎಂಬ ಅತಿವೇಗದ ರೈಲುಮಾರ್ಗಕ್ಕಾಗಿ ಮೊದಲೇ ವಿಸ್ತಾರವಾಗಿ ಉತ್ಖನನ ಮಾಡಿದ್ದರಿಂದಲೇ ಕಣ್ಮರೆಯಾಗಿದ್ದ ಹಳೆಯ ಮನೆಯೊಂದರ ಸುಮಾರು 300 ಮೀಟರ್ ಉದ್ದದ ತೋಟ ಬೆಳಕಿಗೆ ಬಂತು. ಜಲ್ಲಿ ಹಾಸಿದ ದಾರಿ, ಹೂಪಾತಿ, ಕೊಳ ಎಲ್ಲವೂ ಇದ್ದವು. ಅಲ್ಲಿನ ಹೆಬ್ಬಾಗಿಲ ಗೋಪುರದ ಗೋಡೆಯಲ್ಲಿ 200ಕ್ಕೂ ಹೆಚ್ಚು ಗುಂಡಿನ ಗುರುತುಗಳಿದ್ದವು; 1642ರಲ್ಲಿ ಶುರುವಾದ ಅಂತರ್ಯುದ್ಧದ್ದಿರಬೇಕು ಎಂಬುದು ತಜ್ಞರ ಊಹೆ. ಅಲ್ಲಿ ಬರೀ ನಿಗಾ ಇಟ್ಟಿದ್ದರೆ, ಪೈಪ್ ಹಾಕಲು ತೋಡಿದ ಎರಡಡಿ ಅಗಲದ ಕಾಲುವೆಯ ದಂಡೆಯಲ್ಲಿ ನಿಂತವರಿಗೆ ಕಾಣುತ್ತಿದ್ದದ್ದು ಒಂದಿಷ್ಟು ಕಲ್ಲು ಮಾತ್ರ.