ಜೇನುಪರಾಗ: ಹೊಗಳಿಕೆ ಹುಟ್ಟಿದ್ದೆಲ್ಲಿ, ಪುರಾವೆ ಇರುವುದೆಷ್ಟು?

ಜೇನುಪರಾಗವನ್ನು ಅಂಗೈಗೆ ಸುರಿದುಕೊಂಡರೆ ಸಾಸಿವೆಗಿಂತ ತುಸು ದಪ್ಪನೆಯ ಉಂಡೆಗಳು ಕಾಣುತ್ತವೆ: ಹಳದಿ, ಕಿತ್ತಳೆ, ಕಂದು, ಹೂವಿಗೊಂದು ಬಣ್ಣ. ಕೆಲಸಗಾರ ಜೇನು ಹೂಧೂಳಿಗೆ ಮಕರಂದ ಬೆರೆಸಿ ಹಿಂಗಾಲಿಗೆ ಮೆತ್ತಿಕೊಂಡು ಬರುತ್ತದೆ. ಪೆಟ್ಟಿಗೆಯ ಬಾಗಿಲಿಗೆ ಸುಮಾರು 5 ಮಿ.ಮೀ. ತೂತಿನ ಜಾಲರಿ ಇಟ್ಟರೆ ಜೇನು ಒಳಗೆ ನುಸುಳುತ್ತದೆ, ಉಂಡೆ ಕಳಚಿ ತಟ್ಟೆಗೆ ಬೀಳುತ್ತದೆ. ಇದು ಮೆಲ್ಲಿಫೆರಾ ಎಂಬ ಯುರೋಪಿನ ಜೇನಿನ ಲೆಕ್ಕ. ನಮ್ಮ ತುಡುವೆ ಜೇನು ಚಿಕ್ಕದು, ಅದೇ ತೂತಿನಲ್ಲಿ ಉಂಡೆ ಸಮೇತ ದಾಟಿಬಿಡುತ್ತದೆ. ಜಾಲರಿಯನ್ನು ವಾರಗಟ್ಟಲೆ ಬಿಟ್ಟರೆ ಮರಿಗಳಿಗೆ ಮೇವಿಲ್ಲದೆ ಕುಟುಂಬ ಸೊರಗುತ್ತದೆ.

ಮರಿಗಳ ಈ ಮೇವು ಮನುಷ್ಯರ ಮಾತ್ರೆಯಾಗಿ ಹೆಸರು ಮಾಡಿದ್ದು 1970ರ ದಶಕದ ಕ್ರೀಡಾಂಗಣಗಳಲ್ಲಿ. ಓಟಗಾರರ ದಮ್ಮು ಹೆಚ್ಚಿಸುತ್ತದೆ ಎಂದು ಪ್ರಚಾರ ನಡೆಯಿತು. 1982ರಲ್ಲಿ ಬ್ರಿಟನ್ನಿನಲ್ಲಿ ಹದಿಹರೆಯದ ಈಜುಗಾರರಿಗೆ ಆರು ವಾರ ಪರಾಗದ ಸಾರ ಕೊಟ್ಟು ನೋಡಿದರು. ಆಮ್ಲಜನಕ ಬಳಸುವ ಸಾಮರ್ಥ್ಯ ಹೆಚ್ಚಲಿಲ್ಲ. ನೆಗಡಿಯಂಥ ಸೋಂಕಿನಿಂದ ತಪ್ಪಿದ ತರಬೇತಿ ದಿನಗಳು ಮಾತ್ರ ಪರಾಗದ ಗುಂಪಿನಲ್ಲಿ 4, ಹುಸಿಮಾತ್ರೆಯ (ಔಷಧವಿಲ್ಲದ ಮಾತ್ರೆಯ) ಗುಂಪಿನಲ್ಲಿ 27. ಕುತೂಹಲದ ಅಂಕಿಯೇ, ಆದರೆ ಗುಂಪು ಪುಟ್ಟದು. ಇಷ್ಟರಿಂದ ಏನನ್ನೂ ಸಾಧಿಸಲಾಗದು.

ನಿಜವಾದ ತಿರುವು ಬಂದಿದ್ದು ಅಮೆರಿಕದ ರಾಜಕಾರಣದಿಂದ. ಅಯೋವಾದ ಸೆನೆಟರ್ ಟಾಮ್ ಹಾರ್ಕಿನ್ ಪರಾಗದ ಕ್ಯಾಪ್ಸೂಲ್‌ಗಳಿಂದ ತಮ್ಮ ಅಲರ್ಜಿ ಹೋಯಿತೆಂದು ನಂಬಿದ್ದರು. ಅವರ ಒತ್ತಾಸೆಯಿಂದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯಲ್ಲಿ ಪರ್ಯಾಯ ವೈದ್ಯಕೀಯ ಕಚೇರಿ ಶುರುವಾಯಿತು; ಮೊದಲ ಅನುದಾನ 20 ಲಕ್ಷ ಡಾಲರ್. ಸುಮಾರು ಅದೇ ಹೊತ್ತಿಗೆ, 1992ರಲ್ಲಿ, ಪರಾಗದ ಬಗ್ಗೆ ಸುಳ್ಳು ಜಾಹೀರಾತು ಮಾಡಿದ ಆರೋಪದ ಮೇಲೆ ಅರಿಜೋನಾದ ಕಂಪನಿಯೊಂದು ಅಮೆರಿಕದ ಫೆಡರಲ್ ವ್ಯಾಪಾರ ಆಯೋಗಕ್ಕೆ 2 ಲಕ್ಷ ಡಾಲರ್ ಕಟ್ಟಲು ಒಪ್ಪಿತು. ಆದರೂ ಗೆದ್ದದ್ದು ಮಾರುಕಟ್ಟೆಯೇ. ಹಾರ್ಕಿನ್ ಮತ್ತು ಇನ್ನೊಬ್ಬ ಸೆನೆಟರ್ ಒರಿನ್ ಹ್ಯಾಚ್ ಮುಂದೆ ನಿಂತು ತಂದ 1994ರ ಕಾನೂನಿನ ಪ್ರಕಾರ ಪೂರಕ ಆಹಾರ ಮಾರುವ ಮುನ್ನ ಅದರ ಪರಿಣಾಮ ಸಾಬೀತುಪಡಿಸಬೇಕಿಲ್ಲ. 'ರೋಗ ಗುಣಪಡಿಸುತ್ತದೆ' ಎನ್ನಬಾರದು, 'ರೋಗನಿರೋಧಕ ಶಕ್ತಿಗೆ ಬೆಂಬಲ' ಎನ್ನಬಹುದು. ಬಾಟಲಿಗಳ ಮೇಲಿನ ಆ ನುಣುಚು ಭಾಷೆ ಹುಟ್ಟಿದ್ದು ಹೀಗೆ.

ಪರಾಗ ತಿಂದರೆ ಅಲರ್ಜಿ ಹೋಗುತ್ತದೆ ಎಂಬ ವಾದದಲ್ಲೇ ಒಂದು ಎಡವಟ್ಟಿದೆ. ಸೀನು ತರಿಸುವುದು ಬಹುತೇಕ ಗಾಳಿಯಲ್ಲಿ ಹಾರುವ ಹುಲ್ಲು, ಮರಗಳ ಪರಾಗ. ಜೇನು ಹೆಚ್ಚಾಗಿ ತರುವುದು ಕೀಟಗಳನ್ನು ಸೆಳೆಯುವ ಹೂಗಳ ಅಂಟುಪರಾಗ. ವೈದ್ಯರ ಅಲರ್ಜಿ ಚಿಕಿತ್ಸೆಯಲ್ಲಿ ಅಲರ್ಜಿ ತರುವ, ಗೊತ್ತಾದ ಪ್ರೋಟೀನನ್ನು ಅಳೆದು ಕೊಡುತ್ತಾರೆ. ಇಲ್ಲಿ ಯಾವ ಹೂವು ಎಷ್ಟಿದೆ ಎಂಬುದೇ ಗೊತ್ತಿರುವುದಿಲ್ಲ. ಸೂರ್ಯಕಾಂತಿ, ಸೇವಂತಿಗೆಯ ಬಳಗದ ಪರಾಗ ತಿಂದು ತೀವ್ರ ಅಲರ್ಜಿಯಾದವರ ವರದಿ 1979ರಲ್ಲೇ ಬಂದಿತ್ತು. ಬೆಂಗಳೂರಿನ ಮೂಗುಗಳಿಗೆ ಚೆನ್ನಾಗಿ ಪರಿಚಯವಿರುವ ಪಾರ್ಥೇನಿಯಂ ಕೂಡ ಇದೇ ಬಳಗ. ಹಾಗಾಗಿ ಆ ಕಳೆಗೆ ಸೀನುವವರು, ಆಸ್ತಮಾ ಇರುವವರು ಇದರ ತಂಟೆಗೆ ಹೋಗದಿರುವುದು ಕ್ಷೇಮ. 'ಮೊದಲ ದಿನ ನಾಲ್ಕು ಕಾಳು ತಿಂದು ನೋಡಿ' ಎಂಬ ಸಲಹೆ ಚಾಲ್ತಿಯಲ್ಲಿದೆ, ಆದರೆ ಸೂಕ್ಷ್ಮ ದೇಹಕ್ಕೆ ನಾಲ್ಕು ಕಾಳೂ ಸಾಕಾಗಬಹುದು. ತುಟಿ, ಗಂಟಲು ಊದಿಕೊಂಡರೆ ಕಾಯದೆ ಆಸ್ಪತ್ರೆಗೆ ಓಡಬೇಕು. ರಕ್ತ ತೆಳುವಾಗಿಸುವ ವಾರ್ಫರಿನ್ ಜತೆ ಪರಾಗ ಸೇವಿಸಿದಾಗ ಐ.ಎನ್.ಆರ್. (ರಕ್ತ ಹೆಪ್ಪುಗಟ್ಟಲು ತಗಲುವ ಹೊತ್ತಿನ ಅಳತೆ) ಏರಿದ ಪ್ರಕರಣವೂ ದಾಖಲಾಗಿದೆ.

ಪೌಷ್ಟಿಕಾಂಶವೇನೋ ಇದೆ. ಹೂವಿಗೆ ತಕ್ಕಂತೆ ಪ್ರೋಟೀನು ಶೇ. 10ರಿಂದ 40. ಶೇ. 20 ಎಂದುಕೊಂಡರೆ 10 ಗ್ರಾಂ ಪರಾಗದಲ್ಲಿ 2 ಗ್ರಾಂ. ಅಷ್ಟೇ ತೂಕದ ತೊಗರಿಬೇಳೆಯಲ್ಲೂ ಅಷ್ಟೇ. ಅದೂ ಪೂರ್ತಿ ದಕ್ಕುವುದಿಲ್ಲ, ಪರಾಗಕಣದ ಗಟ್ಟಿ ಹೊರಕವಚ ನಮ್ಮ ಹೊಟ್ಟೆಯಲ್ಲಿ ಕರಗದು.

ಪುರಾವೆ ತುಸು ಗಟ್ಟಿಯಾಗಿರುವುದು ಒಂದೇ ಕಡೆ: ಪುರುಷರ ಪ್ರಾಸ್ಟೇಟ್ ಗ್ರಂಥಿಯ ದೀರ್ಘಕಾಲದ ಉರಿಯೂತ. 2009ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ 139 ಪುರುಷರು 12 ವಾರ ಸರ್ನಿಲ್ಟಾನ್ ಎಂಬ ಪರಾಗಸಾರದ ಔಷಧ ಅಥವಾ ಹುಸಿಮಾತ್ರೆ ತೆಗೆದುಕೊಂಡರು. ಸರ್ನಿಲ್ಟಾನ್ ಗುಂಪಿನಲ್ಲಿ ನೋವು ಹೆಚ್ಚು ಇಳಿಯಿತು. ಆದರೆ ಅದು ಆಯ್ದ ಪರಾಗಗಳಿಂದ ತಯಾರಿಸಿದ ಸಾರ. ಅದರ ಕೀರ್ತಿಯನ್ನು ಬಾಟಲಿಯ ಉಂಡೆಗಳಿಗೆ ಅಂಟಿಸುವುದು ವ್ಯಾಪಾರದ ಜಾಣತನ. ತೂಕ ಇಳಿಸುವ 'ಪರಾಗ' ಕ್ಯಾಪ್ಸೂಲ್‌ಗಳಲ್ಲಂತೂ ಸಿಬುಟ್ರಮಿನ್ ಎಂಬ, ಹೃದಯಕ್ಕೆ ಅಪಾಯವೆಂದು 2010ರಲ್ಲಿ ಅಮೆರಿಕದಲ್ಲಿ ಹಿಂತೆಗೆದುಕೊಂಡ ಔಷಧ ಸಿಕ್ಕಿದೆ.

ಇಷ್ಟಾದರೂ ಕೊಳ್ಳುವವರು ಒಣಗಿಸಿದ ಬಗೆ ಕೇಳಿ. ಹಸಿ ಪರಾಗದಲ್ಲಿ ಶೇ. 20–30 ನೀರಿರುತ್ತದೆ, 40 ಡಿಗ್ರಿ ಆಸುಪಾಸಿನಲ್ಲಿ ಒಣಗಿಸಿ ಶೇ. 6–8ಕ್ಕೆ ಇಳಿಸದಿದ್ದರೆ ಬೂಸ್ಟು ಹಿಡಿಯುತ್ತದೆ. ಬಾಟಲಿ ಅಲುಗಿಸಿದಾಗ ಉಂಡೆಗಳು ಬಿಡಿಬಿಡಿಯಾಗಿ ಉದುರಬೇಕು. ಗಂಟು ಕಟ್ಟಿದ್ದರೆ, ಮುಗ್ಗಲು ವಾಸನೆ ಬಂದರೆ ಎಸೆಯಿರಿ.